ಮೂಳೆ ಕೂಡಿಸುವ ಹಮ್ಮಾದನ ಲೆಕ್ಕ

ಫೆಝ್ ಊರಿನ ಹಳೇ ಪೇಟೆಯಲ್ಲಿ ಕೈಕಾಲು ಮುರಿದುಕೊಂಡವರೆಲ್ಲ ಹಮ್ಮಾದ್ ಘಿಯಾತಿಯ ಮನೆಯ ದಾರಿ ಹಿಡಿಯುತ್ತಿದ್ದರು. ಅವನು ಮುಟ್ಟಿದರೆ ಮೂಳೆಯಿರಲಿ, ಮುರಿದ ಮದುವೆಯೂ ಕೂಡಿಕೊಳ್ಳುತ್ತದೆಂಬ ಮಾತಿತ್ತು. ಪಕ್ಕದ ಮನೆಯ ಕುಂಟು ಮಂಚ ಅವನು ಕೆಮ್ಮಿದ್ದಕ್ಕೇ ನೆಟ್ಟಗೆ ನಿಂತಿತಂತೆ.

ಈ ಕೀರ್ತಿಗೆಲ್ಲ ಮೂಲ ಮುತ್ತಜ್ಜನಿಂದ ಬಂದ ಒಂದು ಕೈಬರಹದ ಪುಸ್ತಕ. ಮೇಲೆ 'ಜಬ್ರ್' ಎಂದಿತ್ತು. ಮೂಳೆ ಕೂಡಿಸುವುದಕ್ಕೆ ಅಲ್ಲಿಯವರು ಅನ್ನುವುದೂ ಅದನ್ನೇ. ಹಮ್ಮಾದನ ಓದು ಆ ಒಂದು ಪದಕ್ಕೇ ನಿಂತಿತ್ತು. ಬಂದವರ ಎದೆಯ ಮೇಲೆ ಪುಸ್ತಕವಿಟ್ಟು, ಬಿಸ್ಮಿಲ್ಲಾ ಎಂದು ಎಳೆದರೆ ಮೂಳೆ ಸಂಜೆಯ ಕುರಿಯಂತೆ ತನ್ನ ಜಾಗಕ್ಕೆ ಮರಳುತ್ತಿತ್ತು.

ಮೊದಲ ಪುಟದಲ್ಲಿ 'ಹುಳುಗಳ ದೊರೆಯೇ ಕಬೀಕಜ್, ಈ ಕಾಗದವನ್ನು ಕಾಪಾಡು' ಎಂಬ ಮೊರೆಯಿತ್ತು. ಹುಳುಗಳಿಗೂ ಓದು ಬರುತ್ತಿರಲಿಲ್ಲವೆಂದು ಕಾಣುತ್ತದೆ, ಚೆನ್ನಾಗಿಯೇ ತಿಂದಿದ್ದವು. ಹೊಲಿದು ಕೊಡಲೆಂದು ಹಮ್ಮಾದ್ ಅದನ್ನು ಬಾಲ್ಯದ ಗೆಳೆಯ, ರಟ್ಟು ಕಟ್ಟುವ ಇದ್ರೀಸನ ಅಂಗಡಿಗೆ ಒಯ್ದ.

ಇದ್ರೀಸ್ ನಾಲ್ಕು ಹಾಳೆ ತಿರುವಿ ಗಡ್ಡ ಕೆರೆದುಕೊಂಡ. "ಅಲ್ಲ ಮಾರಾಯ, ಇದ್ರಲ್ಲಿ ಎಲುಬಿನ ಚೂರೂ ಇಲ್ವಲ್ಲೋ! ಇದು ಬೀಜಗಣಿತ. ಕಮ್ಮಿ ಇರೋದನ್ನ ತುಂಬಿ ಎರಡೂ ಕಡೆ ಸರಿ ಮಾಡ್ತಾರಲ್ಲ, ಅದಕ್ಕೂ ಜಬ್ರ್ ಅಂತಾರೆ."

"ಹಾಗಾದ್ರೆ ಇಷ್ಟು ವರ್ಷ ಜನರ ಎದೆ ಮೇಲೆ ನಾನು ಇಟ್ಟಿದ್ದೇನು?"

"ಗುಣಾಕಾರ."

ಅಂದಿನಿಂದ ಹಮ್ಮಾದ್ ಯಾರ ಮೂಳೆಯನ್ನೂ ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡು ಕೂತ.

"ಪುಸ್ತಕದಲ್ಲಿ ಏನಿದೆ ಅಂತ ಮೂಳೆಗೇನ್ರೀ ಗೊತ್ತು?" ಎಂದಳು ಹೆಂಡತಿ ರಕಿಯಾ.

"ನನಗೆ ಗೊತ್ತಾಯ್ತಲ್ಲೇ."

ಇದ್ರೀಸ್ ಪುಸ್ತಕ ಮರಳಿಸಲು ಬಂದ ದಿನವೇ ತೊಗಲು ಹದಮಾಡುವ ಬೂಅಝ್ಝನನ್ನು ಹೇಸರಗತ್ತೆಯ ಮೇಲೆ ಹೇರಿ ತಂದರು. ಭುಜ ಕಳಚಿತ್ತು. ಅವನ ಕೂಗಿಗೆ ಮಿನಾರಿನ ಕೊಕ್ಕರೆಗಳು ಸಮುದ್ರ ದಾಟಿ ಸ್ಪೇನಿಗೆ ಹೋದವು. ರಕಿಯಾ ಬಾಗಿಲು ತೆರೆದೇಬಿಟ್ಟಳು. ಹಮ್ಮಾದ್ ಹೆದರುತ್ತಲೇ ಭುಜ ಮುಟ್ಟಿ ನೋಡಿದ.

"ಇಷ್ಟು ಬಿಗಿ ಹಿಡಿದ್ರೆ ಯಾರ ಕೈಲೂ ಕೂರ್ಸೋಕಾಗಲ್ಲ. ಇವನ ಗಮನ ಬೇರೆ ಕಡೆ ಎಳಿಯೋ ಇದ್ರೀಸ್, ಏನಾದ್ರೂ ಓದು!"

ಇದ್ರೀಸನ ಕೈಯಲ್ಲಿದ್ದದ್ದು ಆ ಪುಸ್ತಕವೊಂದೇ. "ಹತ್ತನ್ನು ಎರಡು ಪಾಲು ಮಾಡು. ಒಂದು ಪಾಲು ವಸ್ತು. ಇನ್ನೊಂದು, ಹತ್ತರಲ್ಲಿ ವಸ್ತುವನ್ನು ಕಳೆದಷ್ಟು..."

ಬೂಅಝ್ಝ ಕೂಗು ನಿಲ್ಲಿಸಿದ. "ಯಾವ ವಸ್ತು?"

"ಗೊತ್ತಿಲ್ಲ. ಅದನ್ನೇ ಹುಡುಕ್ಬೇಕು."

"ಗೊತ್ತಿಲ್ದೇ ಇರೋದನ್ನ ಹತ್ತರಲ್ಲಿ ಕಳಿಯೋದು ಹೆಂಗಯ್ಯಾ?"

ಅವನ ಹಣೆ ಗಂಟಿಕ್ಕಿತು, ಭುಜ ಸಡಿಲಾಯಿತು. ಹಮ್ಮಾದನ ಕೈಗಳು ಯಜಮಾನನನ್ನು ಕೇಳದೆಯೇ ಎಳೆದವು. ಟಕ್!

"ತಡೀರಿ," ಎಂದ ಬೂಅಝ್ಝ, "ವಸ್ತು ಎಷ್ಟು ಅಂತ ಹೇಳಿ ಮೊದ್ಲು!"

ಮರುದಿನವೇ ಹಮ್ಮಾದನ ಬಾಗಿಲು ತೆರೆಯಿತು. ಈಗ ಪುಸ್ತಕವನ್ನು ಯಾರ ಎದೆಯ ಮೇಲೂ ಇಡುವುದಿಲ್ಲ. ಇದ್ರೀಸ್ ಓದುತ್ತಾನೆ, ಹಮ್ಮಾದ್ ಎಳೆಯುತ್ತಾನೆ. ಬೆರಳು ಉಳುಕಿದರೆ ಬರೀ ಸಂಕಲನ ಸಾಕು. ತೊಡೆಯ ಮೂಳೆಗೆ ಮಾತ್ರ ಘನಮೂಲದವರೆಗೆ ಹೋಗಬೇಕಾಗುತ್ತದೆ.