ಹಗೇವಿನ ಮುಚ್ಚಳದ ಮೇಲೆ

ಹೈದರಾಬಾದು ಭಾರತದೊಳಗೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನಿಜಾಮನ ಪೊಲೀಸರ ಕೈಗೆ ಸಿಗದ ನಾಯಕರೊಬ್ಬರ ಮನೆ ನೋಡಲೆಂದೇ ದೋರನಹಳ್ಳಿಯಲ್ಲಿ ಬಸ್ಸಿಳಿದೆ. ಚೀಲದಲ್ಲಿ ಅರ್ಧ ಓದಿದ ಪತ್ತೇದಾರಿ ಕಾದಂಬರಿ. ಅದರ ಪತ್ತೇದಾರನ ಮನೆ ಎಲ್ಲೂ ಇಲ್ಲ, ಆದರೂ ನನಗೆ ಅದರ ಮೂಲೆಮೂಲೆ ಗೊತ್ತು. ಅದೇ ಸಲಿಗೆಯಿಂದ ಈ ಮನೆಗೂ ನುಗ್ಗಿದೆ. ಗೋಡೆ ತಟ್ಟಿದೆ, ಬಾಗಿಲ ಹಿಂದೆ ಇಣುಕಿದೆ.

ನಾಯಕರ ತಾಯಿ ಪಡಸಾಲೆಯ ನೆಲದ ಕಲ್ಲುಮುಚ್ಚಳ ತೋರಿಸಿದರು. ಅದರ ಕೆಳಗೆ ಜೋಳ ತುಂಬಿಡುವ ಹಗೇವು. "ಇದರಾಗ ನನ್ನ ಮಗನ್ನ ಬಚ್ಚಿಟ್ಟಿದ್ದೆ."

ನಾನು ಮುಚ್ಚಳದ ಮೇಲೆಯೇ ನಿಂತು ಕೇಳಿದೆ: "ಪೊಲೀಸರು ಇಲ್ಲಿ ಹುಡುಕಲಿಲ್ಲವೇ ಅಮ್ಮಾ?"

"ಬಂದಿದ್ರಪ್ಪ. ಜಮಾದಾರ ಭಾಳ ಕೆಟ್ಟಂವ, ನನ್ನ ಕೂದಲಾ ಹಿಡದು ಎಳದಾನ. ಆದ್ರ ಇದು ಹಗೇವು ಅಂತ ನಾ ಅಂದಕೂಡ್ಲೆ ಹಿಂದ ಸರದು ಬೂಟು ಬಿಚ್ಚಿದ. ಕಾಳಿನ ಜಾಗ ನೋಡು, ಅಂವನೂ ಒಕ್ಕಲುತನದ ಮನ್ಯಾಂವ. ಬರಿಗಾಲಲೆ ಬಗ್ಗಿ ನೋಡಿದ, ಕತ್ತಲಾಗ ಏನೂ ಕಾಣಲಿಲ್ಲ, ಹ್ವಾದ."

ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಬೂಟುಗಳತ್ತ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. "ಚಾ ಕುಡೀತಿ ಏನಪ್ಪ?" ಎಂದು ಒಳಗೆ ಹೋದರು.

ನಾನು ಮುಚ್ಚಳದಿಂದ ಪಕ್ಕಕ್ಕೆ ಸರಿದು ಬೂಟಿನ ದಾರಕ್ಕೆ ಕೈಹಾಕಿದೆ. ಅವರು ಚಹಾ ತಂದು ನಿಂತಾಗಲೂ ಗಂಟು ಬಿಚ್ಚಿರಲಿಲ್ಲ.