ತಾಳೆ ಗರಿಯ ಚೀಲ

ಮರದ ಗೊಂಬೆ ಮಾಡುವ ಭಾಯ್ ಅವರ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ತಿರುಗುವ ಮರಕ್ಕೆ ಬಿಸಿ ಅರಗು ಒತ್ತಿ ಒತ್ತಿ ಅದು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ಒಂದು ದಿನ ಕೆಂಪು, ಒಂದು ದಿನ ಹಳದಿ. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. ನಾಲ್ಕೈದು ಸಲ ಒತ್ತಿಸಿ ಸೋತ ಅಂಗಡಿಯವನಿಗೆ, "ನನ್ ಗುರ್ತೆಲ್ಲ ಗೊಂಬೆಗೆ ಹೋಗ್ಬುಟ್ಟೈತೆ ಕಣಪ್ಪ, ಇನ್ನೊಂದ್ ಬೆರಳು ನೋಡು" ಎಂದು ನಗುತ್ತಿದ್ದರು.

ಚನ್ನಪಟ್ಟಣದಲ್ಲಿ ನಮ್ಮ ಹೈಸ್ಕೂಲಿನ ಹಿಂದಿನ ಬೀದಿಯಲ್ಲೇ ಅವರ ಮರ ಕಡೆಯುವ ಲೇತ್ ಇದ್ದದ್ದು. ನಾನು ಗಣಿತದ ಮೇಷ್ಟ್ರು. ಪಾಠಕ್ಕೆ ಮರದ ಗೋಳ, ಶಂಕು ಬೇಕೆಂದು ಹೋದವನು ಅಲ್ಲೇ ಸ್ಟೂಲು ಎಳೆದು ಕುಳಿತೆ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಮೆತ್ತಿಕೊಳ್ಳುತ್ತಿತ್ತು. ಆ ಕ್ಷಣಕ್ಕೆ ಸರಿಯಾಗಿ ಒಂದು ಒಣಗಿದ ಗರಿ ಹಿಡಿದರೆ ಬಣ್ಣ ಹರಡಿ ಕನ್ನಡಿಯಾಗುತ್ತಿತ್ತು. ಅದು ಕೇದಗೆ ಗಿಡದ ಎಲೆ. ಇಲ್ಲಿ ಎಲ್ಲರೂ ತಾಳೆ ಗರಿ ಎನ್ನುತ್ತಾರೆ.

"ಅರಗು ಬಿಸಿ ಇದ್ದಾಗ್ಲೇ ಗರಿ ಹಿಡೀಬೇಕು ಮೇಷ್ಟ್ರೇ. ಆರಿದ್ಮೇಲೆ ಎಷ್ಟ್ ಉಜ್ಜುದ್ರೂ ಬರೀ ಗೀರು" ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು. ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದು ಅವರು ಮಾಡಿಕೊಟ್ಟ ತಳ್ಳುಗಾಡಿ ಹಿಡಿದು. ಅದರ ಕೆಂಪು ಇನ್ನೂ ಮಾಸಿಲ್ಲ.

ಸಂಜೆ ಹಳೇ ಮೈಸೂರು ರಸ್ತೆಯ ಟೀ ಅಂಗಡಿಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ನಾನು, ಭಾಯ್, ಬಟ್ಟೆ ಅಂಗಡಿಯ ಶೆಟ್ಟರು, ನಿವೃತ್ತ ಬಸ್ ಕಂಡಕ್ಟರು. ಎಲ್ಲರೂ ಐವತ್ತು ದಾಟಿದವರು, ಯಾರೂ ಸಮುದ್ರ ನೋಡಿದವರಲ್ಲ. ಒಂದು ದಿನ ಕಂಡಕ್ಟರು, "ಕಬ್ಬಾಳು, ಕನಕಪುರ ಅಂತ ಬರೀ ಇಲ್ಲೇ ಗಿರಕಿ ಹೊಡೆದು ಸಾಯೋದಾ? ಅಂಡಮಾನಿಗೆ ಹೋಗಮ ನಡೀರ್ಲಾ" ಎಂದರು. ತಮಾಷೆಯ ಮಾತು ನಿಜವಾಗಿ, ದಸರಾ ರಜೆಯಲ್ಲಿ ನಾವು ವಿಮಾನ ಹತ್ತಿದ್ದೆವು.

ಆ ಐದು ದಿನ ನಾವು ಮಕ್ಕಳಾಗಿದ್ದೆವು. ಸುಳ್ಳು ಹೇಳಬಾರದು, ಅಷ್ಟು ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ. ಹಳೇ ಜೈಲು ನೋಡಿದೆವು, ತಳದಲ್ಲಿ ಗಾಜು ಹಾಕಿದ ದೋಣಿಯಲ್ಲಿ ಕುಳಿತು ಬಣ್ಣದ ಮೀನು ನೋಡಿದೆವು. ಪ್ರತಿ ದೋಣಿ ಹತ್ತುವಾಗಲೂ ಕಂಡಕ್ಟರು ನಮ್ಮ ತಲೆ ಎಣಿಸಿ, "ನಾಲ್ಕು. ರೈಟ್, ರೈಟ್" ಎನ್ನುತ್ತಿದ್ದರು. ಶೆಟ್ಟರು ಮೊದಲ ಅಲೆಗೇ ಮಗುಚಿ ಬಿದ್ದು ಉಪ್ಪು ನೀರು ಕುಡಿದು, ಊರಿಗೆ ಹೋಗಿ ಹೇಳಿದರೆ ನೋಡಿ ಎಂದು ನಮಗೆಲ್ಲ ಆಣೆ ಹಾಕಿದರು. ಭಾಯ್ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ಗಂಟೆಗಟ್ಟಲೆ ನಿಂತರು. ದಡದ ಒಂದು ಕಲ್ಲನ್ನು ಎತ್ತಿ ಆ ಗೆರೆಯಿಲ್ಲದ ಹೆಬ್ಬೆಟ್ಟಿನಿಂದ ಸವರಿ, "ಸಮುದ್ರಕ್ಕೆ ಪಾಲಿಶ್ ಕೆಲ್ಸ ಚೆನ್ನಾಗ್ ಗೊತ್ತು ಮೇಷ್ಟ್ರೇ. ಅವಸ್ರವೇ ಇಲ್ಲ ನೋಡಿ" ಎಂದರು. ಆಮೇಲೆ ಅದನ್ನು ಎತ್ತಿದ ಜಾಗದಲ್ಲೇ ಇಟ್ಟರು. ದೋಣಿಯವನು ಮೊದಲ ದಿನವೇ ಹೇಳಿದ್ದ: ಇಲ್ಲಿಂದ ಚಿಪ್ಪು, ಕಲ್ಲು, ಹವಳ ಏನನ್ನೂ ಒಯ್ಯಬಾರದು, ಸಿಕ್ಕಿದರೆ ಕೇಸು.

ಆದರೆ ನಾವು ಉಳಿದುಕೊಂಡಿದ್ದ ಮನೆಯ ಬೇಲಿಗುಂಟ ತಾಳೆ ಗಿಡ ಆಳೆತ್ತರ ಬೆಳೆದಿತ್ತು. ಅದನ್ನು ಕಂಡ ಭಾಯ್ ಸಮುದ್ರವನ್ನೇ ಮರೆತರು. "ನಮ್ಮೂರಲ್ಲಿ ಇದ್ಕೆ ಪರದಾಡ್ತೀವಿ, ಇಲ್ಲಿ ಬೇಲಿ ಹಾಕೌರೆ!" ಮನೆಯವನನ್ನು ಕೇಳಿ, ಅವನು ಹೂಂ ಎಂದ ಮೇಲೆ, ಉದುರಿದ ಒಣ ಗರಿಗಳನ್ನು ಮಾತ್ರ ಆರಿಸಿದರು. ನಾವು ಮೂವರು ಮರಳಿನಲ್ಲಿ ಫೋಟೋ ಹೊಡೆಸಿಕೊಳ್ಳುವಾಗ ಅವರು ನೆರಳಲ್ಲಿ ಕುಳಿತು ಗರಿಯ ಅಂಚಿನ ಮುಳ್ಳು ಸವರಿ, ಸುರುಳಿ ಸುತ್ತಿ, ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದರು. ದ್ವೀಪಕ್ಕೆ ಬಂದು ಎಲೆ ಗುಡಿಸುವವರನ್ನು ಎಲ್ಲಾದರೂ ಕಂಡಿದ್ದೀರಾ ಎಂದು ನಾನೇ ಹೆಚ್ಚು ಗೇಲಿ ಮಾಡಿದೆ.

ಹೊರಡುವ ಬೆಳಿಗ್ಗೆ ನಾನು ಒಬ್ಬನೇ ದಡಕ್ಕೆ ಹೋದೆ. ಅಂಗೈಯಗಲದ ಬಿಳಿ ಹವಳದ ತುಂಡೊಂದು ಬಿದ್ದಿತ್ತು, ಪುಟ್ಟ ಮರದಂತೆ ಕವಲೊಡೆದದ್ದು. ಸಮುದ್ರದಿಂದ ಏನಾದರೂ ತಾ ಎಂದು ಮಗಳು ಹೇಳಿದ್ದಳು. ನನ್ನ ಪೆಟ್ಟಿಗೆಯಲ್ಲಿಟ್ಟರೆ ಮುರಿಯುತ್ತದೆ ಅನ್ನಿಸಿತು. ಭಾಯ್ ಸ್ನಾನಕ್ಕೆ ಹೋಗಿದ್ದರು. ಅವರ ಚೀಲದ ಗರಿಗಳ ನಡುವೆ, ಮೆತ್ತಗಿನ ಜಾಗ ನೋಡಿ, ಅದನ್ನು ತೂರಿಸಿದೆ. ಊರಿಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅದರಲ್ಲಿ ಮುರಿಯುತ್ತದೆ ಎಂಬ ಭಯ ಎಷ್ಟಿತ್ತು, ಸಿಕ್ಕಿಬೀಳುವ ಭಯ ಎಷ್ಟಿತ್ತು ಎಂದು ಈಗಲೂ ತೂಗುತ್ತಿರುತ್ತೇನೆ.

ವಿಮಾನ ನಿಲ್ದಾಣದಲ್ಲಿ ಆ ಚೀಲವನ್ನು ಪಕ್ಕಕ್ಕೆ ಎಳೆದರು. ಗರಿಯ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟರು. ಕೊನೆಗೆ ಹವಳ ಹೊರಬಂತು. ಇದು ಯಾರದು ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ. ಭಾಯ್ ಹವಳವನ್ನು ನೋಡಿದರು. ಆಮೇಲೆ ಶೆಟ್ಟರನ್ನಲ್ಲ, ಕಂಡಕ್ಟರನ್ನಲ್ಲ, ನನ್ನನ್ನು ನೋಡಿದರು. ಹೇಗೆ ಗೊತ್ತಾಯಿತೋ, ನನ್ನ ಮುಖವೇ ಹೇಳಿರಬೇಕು. ಹೆಡ್ ಮಾಸ್ಟರ್ ಬಡ್ತಿಯ ಪಟ್ಟಿಯಲ್ಲಿ ಆಗ ನನ್ನ ಹೆಸರಿತ್ತು. ಕೇಸು ಬಿದ್ದರೆ ಬಡ್ತಿಯಿರಲಿ, ಕೆಲಸವೇ ಹೋಗುತ್ತಿತ್ತು. ನಾನು ತಲೆ ಎತ್ತಿ ವಿಮಾನಗಳ ಸಮಯದ ಪಟ್ಟಿ ಓದತೊಡಗಿದೆ.

"ಚೀಲ ನಂದು ಸಾಬ್" ಎಂದರು ಭಾಯ್. ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅವರನ್ನು ಒಳಗೆ ಕರೆದೊಯ್ದರು. ನಮ್ಮ ವಿಮಾನದ ಹೊತ್ತಾಗಿತ್ತು. ಹತ್ತುವಾಗ ಕಂಡಕ್ಟರು ತಲೆ ಎಣಿಸಲಿಲ್ಲ. ಶೆಟ್ಟರು ಬೆಲ್ಟು ಕಟ್ಟಿಕೊಳ್ಳುತ್ತಾ, "ಭಾಯ್ ಯಾಕ್ ಹಿಂಗ್ ಮಾಡ್ಬುಟ್ರು ಮೇಷ್ಟ್ರೇ?" ಎಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. "ಪಾಪ, ಗೊತ್ತಿಲ್ದೆ ಎತ್ಕೊಂಡಿರ್ಬೇಕು" ಎಂದೆ.

ನಾಲ್ಕು ದಿನ ಬಿಟ್ಟು ಅವರು ಒಬ್ಬರೇ ಬಂದರು. ಟೀ ಅಂಗಡಿಯಲ್ಲಿ ಅದೇ ಬೆಂಚಿನಲ್ಲಿ ಕುಳಿತು, ಅಲ್ಲಿ ಏನಾಯ್ತು ಎಂದು ಕೇಳಿದವರಿಗೆ, "ಜಾಮೀನು ಕೊಟ್ರು, ಕೇಸು ನಡೀತೈತೆ" ಎಂದರು. ನನ್ನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಂದಿನ ವರ್ಷ ನಾನು ಹೆಡ್ ಮಾಸ್ಟರಾದೆ. ಆಗಸ್ಟ್ ಹದಿನೈದಕ್ಕೆ ಬಾವುಟದ ಕೆಳಗೆ ನಿಂತು ಮಕ್ಕಳಿಗೆ ಸತ್ಯ ಹೇಳುವ ಧೈರ್ಯದ ಬಗ್ಗೆ ಭಾಷಣ ಬಿಗಿದೆ. ಧೈರ್ಯದ ಮಾತು ಭಾಷಣಕ್ಕೆ ಬಂತು, ಬೇಕಾದ ಕಡೆ ಬರಲಿಲ್ಲ.

ಭಾಯ್ ಮತ್ತು ಅವರ ಹೆಂಡತಿ, ನಾವೆಲ್ಲ ಭಾಭಿ ಎನ್ನುತ್ತಿದ್ದವರು, ಹಜ್ ಯಾತ್ರೆಗೆ ಹೋಗಬೇಕೆಂದು ಎಷ್ಟೋ ವರ್ಷದಿಂದ ಆಸೆ ಇಟ್ಟುಕೊಂಡಿದ್ದರು. ಹೊಸ ಹೆದ್ದಾರಿ ಊರಾಚೆ ಹಾದುಹೋಗಿ, ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾದ ಮೇಲೂ ಅವರು ಆ ಆಸೆ ಬಿಟ್ಟಿರಲಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಭಾಭಿಯದು ಬಂತು. ಭಾಯ್‌ದು ಪೊಲೀಸ್ ವಿಚಾರಣೆಯಲ್ಲಿ ನಿಂತಿತು. ಅವರ ಮೇಲೆ ಸಮುದ್ರದಾಚೆ ಒಂದು ಕೇಸು ಬಾಕಿಯಿತ್ತು. ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು. ಕೊನೆಗೆ ಭಾಭಿ ತಮ್ಮ ಅಣ್ಣನ ಜೊತೆ ಹೋದರು. ಅವರನ್ನು ಕಳಿಸಿ ಬಂದ ಸಂಜೆ ಭಾಯ್ ಟೀ ಕುಡಿಯದೆ ಲೋಟ ಹಿಡಿದು ಕುಳಿತಿದ್ದರು. ಭಾಭಿ ಮರಳಿ ಬಂದಾಗ ತಂದ ಖರ್ಜೂರವನ್ನು ಭಾಯ್ ನಮಗೆ ಮೂವರಿಗೂ ಸಮನಾಗಿ ಹಂಚಿದರು. ನಾನು ತಿಂದೆ. ತಿನ್ನಬಾರದಿತ್ತು.

ಮರದ ದೂಳು ಅವರ ಎದೆಗೆ ಇಳಿದಿತ್ತು. ಎರಡು ವರ್ಷದಲ್ಲಿ ಉಸಿರು ಕಟ್ಟಿ ಹಾಸಿಗೆ ಹಿಡಿದರು. ಆಗ ನಾನು ನಿವೃತ್ತನಾಗಿದ್ದೆ. ಕಳೆದುಕೊಳ್ಳಲು ಏನೂ ಇಲ್ಲದ ಮೇಲೆ ನನಗೆ ಧೈರ್ಯ ಬಂದಿತ್ತು. ಕೋರ್ಟಿಗೆ ಕಾಗದ ಬರೆದು, ಸಹಿ ಹಾಕಿ, ಅವರ ಮುಂದೆ ಹಿಡಿದೆ. ಅವರು ಓದಲಿಲ್ಲ.

"ಆವತ್ತು ನೀವ್ ಹೆದ್ರುಕೊಂಡ್ರಿ. ಅದ್ಕೆ ನಾನೇನೂ ಅನ್ನಕಿಲ್ಲ. ಯಾರಾದ್ರೂ ಹೆದ್ರುತಾರೆ. ಆದ್ರೆ ಆಮೇಲೆ ದಿನಾ ನನ್ ಪಕ್ಕ ಕೂತು ಟೀ ಕುಡುದ್ರಲ್ಲ ಮೇಷ್ಟ್ರೇ, ಅದು..."

ಕೆಮ್ಮು ಬಂತು. ನೀರು ಕೊಡಲು ಹೋದೆ, ಕೈಯಾಡಿಸಿ ಬೇಡವೆಂದರು.

"ನಾನ್ ಯಾರ್ಗೂ ಹೇಳಿಲ್ಲ, ಮನೇಲೂ ಹೇಳಿಲ್ಲ. ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಈಗ ಅರಗು ಆರೋಯ್ತು, ಬುಡಿ. ಒಸಿ ಬಾಗ್ಲು ಮುಂದಕ್ ಹಾಕ್ಕೊಂಡು ಹೋಗಿ."

ಹನ್ನೊಂದು ದಿನಕ್ಕೆ ತೀರಿಕೊಂಡರು. ಆ ಕಾಗದವನ್ನು ನಾನು ಕೊನೆಗೂ ಕಳಿಸಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಹೋದ ತಿಂಗಳು ಅವರ ಹಿರಿಯ ಮಗ ದಾರಿಯಲ್ಲಿ ಸಿಕ್ಕಿದ. ಅವನೂ ನನ್ನ ವಿದ್ಯಾರ್ಥಿ. "ಲಾಯರ್ ಫೋನ್ ಮಾಡಿದ್ರು ಸಾರ್. ಅಬ್ಬಾ ಇಲ್ಲ ಅಂತ ಕೇಸ್ ಮುಗ್ಸಿದ್ರಂತೆ. ಅವ್ರು ಯಾಕ್ ಅದನ್ನ ಎತ್ಕೊಂಡ್ರೋ, ನಮ್ಗೆ ಇವತ್ತಿಗೂ ಅರ್ಥ ಆಗಿಲ್ಲ ಸಾರ್" ಎಂದ. ಕೇಸು ಮುಗಿಯಿತು ಎಂದು ಕೇಳಿದಾಗ ಮೊದಲು ನನ್ನ ಎದೆ ಹಗುರಾಯಿತು. ನಾಚಿಕೆ ಆಮೇಲೆ ಬಂತು. ಹೌದಪ್ಪ ಎಂದು ತಲೆಯಾಡಿಸಿ ಮನೆಗೆ ಬಂದೆ. ಎದುರಿಗೆ ನಿಂತು ಹೇಳುವ ಯೋಗ್ಯತೆ ನನಗೆ ಈಗಲೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗು, ಚೀಲ ಮಾತ್ರ ನಿಮ್ಮಪ್ಪನದು. ಹವಳ ನನ್ನದು.