ಕುರ್ಚಿಯಲ್ಲಿ ಕೂರಲಾರದ ಯಜಮಾನ

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ‘ಇನ್ನೊಂದ್ಸಲ’. ಮದುವೆಯಾಗಲಿ, ಶಾಲೆಯ ಸಮಾರಂಭವಾಗಲಿ, ವಿಡಿಯೊ ತೆಗೆಯಲು ಹೋದವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ “ಇನ್ನೊಂದ್ಸಲ” ಎನ್ನುತ್ತಾನೆ. ಉಂಗುರ ತೊಡಿಸಿದವರು ಬಿಚ್ಚಿ ಮತ್ತೆ ತೊಡಿಸಬೇಕು. ಭಾಷಣ ಮುಗಿಸಿ ಕೂತವರು ಮತ್ತೆ ಎದ್ದು ನಿಲ್ಲಬೇಕು. ಜನ ಗೊಣಗುತ್ತಲೇ ಮಾಡುತ್ತಾರೆ, ಏಕೆಂದರೆ ಕೊನೆಗೆ ನೋಡಿದಾಗ ಅವರಿಗೇ ಅವರ ಗುರುತು ಹತ್ತದಷ್ಟು ಚಂದ ಬಂದಿರುತ್ತಾರೆ. ಅವನ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವನ ತಲೆಯ ಬಗ್ಗೆ.

ನಾನು ಹೊಲಿಗೆಯವಳು. ಕೆಳಗೆ ನನ್ನ ಅಂಗಡಿ, ಮೇಲಿನ ಕೋಣೆ ಅವನ ಸ್ಟುಡಿಯೊ. ನನ್ನ ಹತ್ತಿರ ಮೂವರು ಹೆಣ್ಣುಮಕ್ಕಳು ಹೊಲಿಯುತ್ತಾರೆ. ನಾನು ಜ್ವರ ಬಂದು ಮಲಗಿದರೂ ಮಿಷನ್ನುಗಳು ಓಡುತ್ತವೆ. ಇವನು? ಹೋದ ವರ್ಷ ಸಾಮಾನು ಎತ್ತುವಾಗ ಸೊಂಟ ಹಿಡಿದುಕೊಂಡು ಹಾಸಿಗೆ ಹಿಡಿದ. ಅವನ ಜೊತೆ ಅವನ ವ್ಯಾಪಾರವೂ ಮಲಗಿತು. ಒಪ್ಪಿಕೊಂಡಿದ್ದ ಕೆಲಸಗಳೆಲ್ಲ ಬೇರೆಯವರ ಪಾಲಾದವು. ಇನ್ನು ಭಾರ ಎತ್ತಬೇಡಿ ಎಂದರು ಡಾಕ್ಟರು. ನಲವತ್ತೈದು ದಾಟಿದವನು, ಇಬ್ಬರು ಮಕ್ಕಳ ಅಪ್ಪ, ಹೀಗೆ ಒಬ್ಬನೇ ಎಷ್ಟು ದಿನ ಓಡಾಡುತ್ತಾನೆ?

“ನೀನು ಯಜಮಾನ ಆಗೋ. ನಾಲ್ಕು ಜನರನ್ನ ಇಟ್ಕೊಂಡು ಅವರ ಕೈಲಿ ಮಾಡ್ಸು” ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು. ಹೂಂ ಎನ್ನುತ್ತಾನೆ. ಮರುದಿನ ಅವನೇ ಚೀಲ ಹೊತ್ತು, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾನೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜನ ಇರಲಿಲ್ಲವೇ ಎಂದರೆ, ಇದ್ದಳು. ಫೋಟೊ ಅಂಗಡಿಯ ಕೆಲಸ ಬಿಟ್ಟು ಇವನ ಹತ್ತಿರ ಬಂದವಳು. ಮೊದಮೊದಲು ದೀಪ ಹಿಡಿದು ನಿಲ್ಲುತ್ತಿದ್ದುದರಿಂದ ಅವಳು ನಮಗೆ ಲೈಟಮ್ಮ. ಬರಬರುತ್ತ ಕ್ಯಾಮೆರಾ, ಎಡಿಟಿಂಗ್ ಎಲ್ಲ ಇವನಿಂದಲೇ ಕಲಿತಳು. ಕಲಿತು ಏನು ಬಂತು? ಅವಳು ತೆಗೆದದ್ದನ್ನು ಇವನು ಮತ್ತೆ ತೆಗೆಯಬೇಕು. ಅವಳು ಜೋಡಿಸಿದ್ದನ್ನು ಇವನು ಬಿಚ್ಚಿ ಮತ್ತೆ ಜೋಡಿಸಬೇಕು. “ಚೆನ್ನಾಗೇ ಇತ್ತಲ್ಲೋ” ಎಂದರೆ “ಚೆನ್ನಾಗಿದೆ ಅಕ್ಕ, ಆದ್ರೆ...” ಎನ್ನುತ್ತಾನೆ. ಆ ‘ಆದ್ರೆ’ಯ ಮುಂದೆ ಏನಿದೆ ಎಂದು ಅವನಿಗೂ ಗೊತ್ತಿಲ್ಲ.

ಆಗಲೇ ಪಂಪ್ ತಯಾರಿಸುವ ಕಂಪನಿಯಿಂದ ಕರೆ ಬಂತು. ಪಂಪ್ ಬಿಚ್ಚುವುದು ಹೇಗೆ, ವಾಷರ್ ಬದಲಿಸುವುದು ಹೇಗೆ ಎಂದು ಪ್ಲಂಬರುಗಳಿಗೆ ಕಲಿಸುವ ವಿಡಿಯೊಗಳು ಬೇಕಂತೆ. ತಿಂಗಳು ತಿಂಗಳೂ ಕೆಲಸ, ವರ್ಷಗಟ್ಟಲೆ ಒಪ್ಪಂದ. ಸಿಕ್ಕರೆ ಇನ್ನಿಬ್ಬರನ್ನು ಸೇರಿಸಿಕೊಂಡು ನೆಟ್ಟಗೆ ಒಂದು ಕಂಪನಿ ಕಟ್ಟಬಹುದು, ಸೊಂಟಕ್ಕೂ ಬಿಡುವು. ಅಲ್ಲಿನ ಮ್ಯಾನೇಜರ್ ಮೇಡಂ ಇವನ ಹಳೆಯ ಕೆಲಸ ನೋಡಿ ಮೆಚ್ಚಿದರು. ಆಮೇಲೆ ಕೇಳಿದರು:

“ನಿಮಗೆ ಹುಷಾರಿಲ್ಲ ಅಂದ್ರೆ ನಮ್ಮ ಕೆಲಸ ಯಾರು ಮಾಡ್ತಾರೆ?”

“ನಮ್ಮ ಟೀಮ್ ಇದೆ ಮೇಡಂ.”

“ಹಾಗಾದ್ರೆ ಒಂದು ವಿಡಿಯೊ ಅವರ ಕೈಲೇ ತೆಗೆಸಿ. ನೀವು ನನ್ನ ಪಕ್ಕ ಕೂತ್ಕೊಂಡಿರಿ, ಸಾಕು.”

ಕೂತುಕೊಂಡಿರುವುದು. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಉಂಟೇ? ಆದರೂ ನನಗೆ ಇವನ ಮೇಲೆ ನಂಬಿಕೆಯಿಲ್ಲ. ಪಂಪ್ ಬಿಚ್ಚಿ ತೋರಿಸುವ ಮೆಕ್ಯಾನಿಕ್‌ನ ಕೋಟು ಸರಿಮಾಡುವ ನೆಪ ಹೇಳಿ, ಸೂಜಿದಾರ ಹಿಡಿದು ನಾನೂ ಹೋದೆ.

ವರ್ಕ್‌ಷಾಪಿನ ಮೂಲೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಮೇಡಂ, ಇನ್ನೊಂದರಲ್ಲಿ ಇವನು. ಲೈಟಮ್ಮ ದೀಪ ನಿಲ್ಲಿಸಿದಳು, ಮೇಜಿನ ಎಣ್ಣೆ ಒರೆಸಿದಳು, ಮೆಕ್ಯಾನಿಕ್‌ಗೆ “ಕೈ ಸ್ವಲ್ಪ ನಿಧಾನ ಅಣ್ಣ” ಎಂದು ಹೇಳಿ ಶುರು ಮಾಡಿದಳು. ಮೇಡಂ ಸಂಬಳ, ರಜೆ, ಎಷ್ಟು ಜನ ಬೇಕಾಗಬಹುದು ಎಂದೆಲ್ಲ ಕೇಳುತ್ತಿದ್ದರೆ ಇವನ ಕಿವಿ ಮಾತ್ರ ಅಲ್ಲಿತ್ತು. ಕಣ್ಣು ಲೈಟಮ್ಮನ ಕೈಮೇಲೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಒಮ್ಮೆ ಏಳಹೊರಟಾಗ ನಾನು ದೂರದಿಂದಲೇ ಕಣ್ಣು ದೊಡ್ಡದು ಮಾಡಿದೆ. ಕೂತ.

ಪಂಪಿನ ಮುಚ್ಚಳ ತೆಗೆದಾಗ ಒಳಗಿನ ಲೋಹದ ಮೇಲೆ ಬೆಳಕು ಬಿದ್ದು ಸ್ವಲ್ಪ ಹೊಳೆಯಿತು. ಅಷ್ಟೇ. ವಾಷರ್ ಕಾಣುತ್ತಿತ್ತು, ಪ್ಲಂಬರಿಗೆ ಬೇಕಾದದ್ದೂ ವಾಷರೇ. ಇವನು ಎದ್ದ.

“ಲೇ, ಕೂತ್ಕೋ” ಎಂದು ನಾನು ಹಲ್ಲು ಕಚ್ಚಿಕೊಂಡು ಅಂದೆ.

“ಒಂದ್ನಿಮಿಷ ಅಕ್ಕ, ದೀಪ ಒಂಚೂರು ಈ ಕಡೆ...”

ಮೊದಲು ದೀಪ ಸರಿಸಿದ. ಆಮೇಲೆ ಮೇಜು ಸರಿಸಿದ. ಆಮೇಲೆ ಕ್ಯಾಮೆರಾ ಅವನ ಕೈಯಲ್ಲಿತ್ತು. ಲೈಟಮ್ಮ ಕೈ ಕಟ್ಟಿ ಗೋಡೆಗೆ ಒರಗಿ ನಿಂತಳು. ವಾಷರಿನ ಮೇಲಿನ ನೀರ ಹನಿಯನ್ನು ಅವನು ಎಷ್ಟು ಚಂದ ತೆಗೆದನೆಂದರೆ ಮೆಕ್ಯಾನಿಕ್ ಕೂಡ ಬಾಯಿ ಬಿಟ್ಟುಕೊಂಡು ನೋಡಿದ. ಆ ಹನಿಯನ್ನು ಒರೆಸಿ ಎಸೆದುಬಿಡಬೇಕು ಅನ್ನಿಸಿತು ನನಗೆ.

ಮೇಡಂ ಎದ್ದು ಬಂದು “ತುಂಬಾ ಚೆನ್ನಾಗಿ ತೆಗೀತೀರಿ. ಆದ್ರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ತು” ಎಂದು ಕೈ ಮುಗಿದರು.

ವ್ಯಾನಿನಲ್ಲಿ ವಾಪಸು ಬಂದೆವು. ಇಳಿಯುವಾಗ ಲೈಟಮ್ಮ “ನಾಳೆಯಿಂದ ಬರಲ್ಲ ಅಣ್ಣ” ಎಂದಳು. ಬೇಜಾರಿನಲ್ಲಿ ಅಂದದ್ದಲ್ಲ, ಲೆಕ್ಕ ಹಾಕಿಯೇ ಅಂದದ್ದು.

ಕೆಲವು ತಿಂಗಳಲ್ಲಿ ಸುದ್ದಿ ಬಂತು. ಅವಳು ಇಬ್ಬರನ್ನು ಜೊತೆ ಹಾಕಿಕೊಂಡು ಅದೇ ಮೇಡಂ ಹತ್ತಿರ ಹೋಗಿ, ಅದೇ ಕೆಲಸ ಹಿಡಿದಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಇವನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಇವನ ಸೊಂಟ ಮತ್ತೆ ಹಿಡಿದುಕೊಂಡಿತ್ತು. ಎರಡು ಮದುವೆ ಕೈತಪ್ಪಿದ್ದವು.

ಒಂದು ಮಧ್ಯಾಹ್ನ ಅವಳೇ ನನ್ನ ಅಂಗಡಿಗೆ ಬಂದಳು. ತಮ್ಮ ಕೆಳಗಿಳಿದು ಬಂದ.

“ಅಣ್ಣ, ನಮ್ಮಲ್ಲಿ ಕ್ಯಾಮೆರಾಗೆ ಬರ್ತೀರಾ? ತಿಂಗಳ ಸಂಬಳ. ಸಾಮಾನು ನೀವು ಎತ್ತೋ ಹಾಗಿಲ್ಲ.”

ಇವನು ಈಗ ರೇಗುತ್ತಾನೆ ಎಂದುಕೊಂಡೆ. ಇವನು ಕೇಳಿದ್ದು, “ಲೆನ್ಸ್ ಯಾವುದು ತಗೊಂಡೆ?”

“ನಾಚಿಕೆ ಆಗಲ್ವೇನೋ ನಿಂಗೆ? ನಿನ್ನ ಹತ್ರ ದೀಪ ಹಿಡೀತಿದ್ದವಳು ಕಣೋ!” ಎಂದು ಅವಳ ಎದುರಿಗೇ ಅರಚಿದೆ.

“ಅದಕ್ಕೇನಕ್ಕ? ಫೋನಿಲ್ಲ, ಮೀಟಿಂಗಿಲ್ಲ. ಬರೀ ಕ್ಯಾಮೆರಾ.” ಅವನ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

“ಇನ್ನೊಂದು ವಿಷಯ” ಎಂದಳು ಲೈಟಮ್ಮ. “ಸೊಂಟ ನೋವು ಬಂದ್ರೆ ಒಂದು ಫೋನ್ ಮಾಡಿ ಮನೇಲಿರಿ. ಸಂಬಳ ಹಿಡಿಯಲ್ಲ. ಅವತ್ತಿಗೆ ಬೇರೆಯವರು ಬರ್ತಾರೆ.”

ತಮ್ಮನ ನಗು ಹೋಯಿತು. “ಬೇರೆಯವರಾ? ಯಾರು? ಚೆನ್ನಾಗಿ ತೆಗೀತಾರಾ?”

“ತೆಗೀತಾರೆ ಅಣ್ಣ. ನಾನೇ ಕಲಿಸಿದೀನಿ.”

ಆ ದಿನ ಕುರ್ಚಿಯಲ್ಲಿ ಕೂತು ಇವನು ಮೇಡಂಗೆ ಹೇಳಬೇಕಾಗಿದ್ದದ್ದು ಇಷ್ಟೇ ಮಾತು.